ಉಪವಾಸದ ಪಂಜರಗಳಿಗೆ ಚರಗ

ಇವತ್ತು ಮಾಡಿದ ಕೆಲಸಗಳು: ಐದಕ್ಕೆ ಎದ್ದು ನಳದ ನೀರು ಹಿಡಿದೆ, ಎರಡು ಬ್ಯಾರಲ್ಲು, ಎಂಟು ಕೊಡ. ನಿನ್ನೆ ಹೊಲಕ್ಕೆ ಒಯ್ದಿದ್ದ ಬುಟ್ಟಿ ತೊಳೆದು ಬೋರಲು ಹಾಕಿದೆ. ಗಂಡನಿಗೆ ಸಕ್ಕರೆಯಿಲ್ಲದ ಚಹಾ ಕೊಟ್ಟು, ಅವರು ಅದಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ನೋಡಿಯೂ ನೋಡದವಳಂತೆ ರೊಟ್ಟಿ ಬಡಿದೆ. ಕಾಲೇಜಿನಲ್ಲಿ ಆರು ಪಂಜರಗಳಲ್ಲಿ ಹಾಸಿದ ಹೊಟ್ಟು ಬದಲಿಸಿದೆ, ನೀರಿನ ಬಾಟಲಿ ತೊಳೆದೆ. ಹನ್ನೆರಡು ವಾರದ ದಾಖಲೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಅರವತ್ತರ ಹತ್ತಿರದ ಒಬ್ಬ ಮನುಷ್ಯನನ್ನು ಬೈದೆ. ಇಪ್ಪತ್ತೇಳರ ಒಬ್ಬ ಹುಡುಗಿಗೆ ಮೂಗು ಒರೆಸಿಕೊಳ್ಳಲು ಹತ್ತಿ ಕೊಟ್ಟೆ. ಶೇಂಗಾ ಹೋಳಿಗೆಯ ತುಂಡೊಂದನ್ನು ಪ್ರಯೋಗದ ತಕ್ಕಡಿಯಲ್ಲಿಟ್ಟು ತೂಗಿದೆ. ಈ ಕೊನೆಯ ಕೆಲಸ ನನ್ನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲನೆಯದು. ಕೊನೆಯದೂ ಆಗಲಿ.

ನಾನು ವಿಜಯಪುರದ ಒಂದು ವೈದ್ಯಕೀಯ ಕಾಲೇಜಿನ ಪ್ರಾಣಿಮನೆಯಲ್ಲಿ ಕೆಲಸ ಮಾಡುತ್ತೇನೆ. ಪ್ರಾಣಿಮನೆ ಎಂದರೆ ಪ್ರಯೋಗಕ್ಕೆಂದು ಸಾಕಿದ ಬಿಳಿ ಸುಂಡಿಲಿಗಳ ಮನೆ. ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಯಾರ ಮನೆಯ ಜೋಳದ ಚೀಲಕ್ಕೆ ಇಲಿ ಬಿದ್ದರೂ ನನ್ನನ್ನೇ ಕೇಳುತ್ತಾರೆ, "ನಿಮ್ಮ ಕಾಲೇಜಿನವು ತಪ್ಪಿಸಿಕೊಂಡ ಬಂದಾವೇನ್ರಿ, ನೋಡ್ರಿ ಒಂದಿಷ್ಟು." ನಮ್ಮವು ಬಿಳಿ, ನಿಮ್ಮವು ಕಂದು ಎಂದು ಹೇಳಿ ಹೇಳಿ ಸಾಕಾಗಿದೆ. ನಮ್ಮವಕ್ಕೆ ಹೊತ್ತಿಗೆ ಸರಿಯಾಗಿ ತೂಗಿದ ಮೇವು ಸಿಗುತ್ತದೆ, ಚಳಿಗೆ ಹೀಟರ್ ಇದೆ. ಅವು ನಿಮ್ಮ ಜೋಳಕ್ಕೆ ಯಾಕೆ ಬರುತ್ತವೆ?

ಈಗ ನಡೆದಿರುವುದು ಕೊಬ್ಬಿದ ಲಿವರಿನ ಪ್ರಯೋಗ. ಕುಡಿಯದವರಿಗೂ, ಬರೀ ಉಣ್ಣುವುದರಿಂದಲೇ, ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದಲ್ಲ, ಅದು. ನಮ್ಮ ಮನೆಯವರಿಗೂ ಆಗಿದೆ. ಸ್ಕ್ಯಾನ್ ಮಾಡಿದ ಡಾಕ್ಟರು ಎಣ್ಣೆ, ಸಿಹಿ, ಕರಿದದ್ದು ಕಡಿಮೆ ಮಾಡಿ, ನಡೆಯಿರಿ ಎಂದರು. ನಮ್ಮ ಮನೆಯವರು ಆ ಚೀಟಿಯನ್ನು ದೇವರ ಫೋಟೋದ ಹಿಂದೆ ಇಟ್ಟು ಕೈ ಮುಗಿದರು. ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ಪ್ರಯೋಗ ಮಾಡುತ್ತಿರುವವಳು ಬಬಲೇಶ್ವರದ ಹುಡುಗಿ, ಪಿಎಚ್‌ಡಿ ವಿದ್ಯಾರ್ಥಿನಿ. ಮನೆಯಲ್ಲಿ ದ್ರಾಕ್ಷಿ ತೋಟವಿದೆ. ದ್ರಾಕ್ಷಿ ಬೀಜದ ಸಾರ ಕೊಬ್ಬಿದ ಲಿವರಿಗೆ ಏನಾದರೂ ಮಾಡುತ್ತದೆಯೇ ಎಂಬುದು ಅವಳ ಪ್ರಶ್ನೆ. ಇಪ್ಪತ್ನಾಲ್ಕು ಸುಂಡಿಲಿ, ಆರು ಪಂಜರ, ಪಂಜರಕ್ಕೆ ನಾಲ್ಕು. ಎರಡು ಪಂಜರಕ್ಕೆ ಬರೀ ಸಾದಾ ಮೇವು. ಇನ್ನೆರಡಕ್ಕೆ ವನಸ್ಪತಿ, ಕೊಬ್ಬರಿ ಎಣ್ಣೆ ಕಲಸಿದ ಜಿಡ್ಡಿನ ಮೇವು, ಕುಡಿಯಲು ಸಕ್ಕರೆ ನೀರು. ಉಳಿದೆರಡಕ್ಕೆ ಅದೇ ಜಿಡ್ಡು, ಅದೇ ಸಕ್ಕರೆ, ಜೊತೆಗೆ ಕೊನೆಯ ಆರು ವಾರ ಬೀಜದ ಸಾರ. ಹನ್ನೆರಡು ವಾರ ಮುಗಿದ ಮೇಲೆ ಒಂದು ರಾತ್ರಿ ಎಲ್ಲವನ್ನೂ ಉಪವಾಸ ಇಟ್ಟು, ಬೆಳಿಗ್ಗೆ ರಕ್ತ ತೆಗೆದು, ನೋವಿಲ್ಲದಂತೆ ಮುಗಿಸಿ, ಲಿವರ್ ತೆಗೆದು ನೋಡಬೇಕು. ಹೊಟ್ಟೆಯಲ್ಲಿ ಊಟವಿದ್ದರೆ ರಕ್ತದ ಸಕ್ಕರೆ, ಕೊಬ್ಬು ಎಲ್ಲ ಏರುಪೇರು. ಅದಕ್ಕೇ ಉಪವಾಸ.

ಆ ಬೆಳಿಗ್ಗೆ ಇವತ್ತು. ಹಿಂದಿನ ದಿನ, ಅಂದರೆ ನಿನ್ನೆ, ಎಳ್ಳ ಅಮಾವಾಸ್ಯೆ.

ಈ ದಿನವನ್ನು ಗೊತ್ತು ಮಾಡಿದಾಗ ಯಾರೂ ಕ್ಯಾಲೆಂಡರ್ ನೋಡಲಿಲ್ಲ. ನಾನೂ ನೋಡಲಿಲ್ಲ. ಎಳ್ಳ ಅಮಾವಾಸ್ಯೆ ಎಂದರೆ ನಮ್ಮ ಕಡೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ಕಡಬು, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ, ಐದು ನಮೂನೆ ಪಲ್ಯ ಕಟ್ಟಿಕೊಂಡು ಹೋಗಿ ಮೊದಲು ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಭೂಮಿಗೆ, ಹಕ್ಕಿಗೆ, ಇರುವೆಗೆ ಒಂದೊಂದು ತುತ್ತು ಎರಚಿದ ಮೇಲೆಯೇ ಮನುಷ್ಯರು ಉಣ್ಣುವುದು. ನಾನು ರಜೆ ಹಾಕಿ ಭೂತನಾಳದ ಹತ್ತಿರ ನಮಗಿರುವ ಎರಡು ಎಕರೆಗೆ ಗಂಡನೊಂದಿಗೆ ಹೋಗಿದ್ದೆ. ಹುಡುಗಿ ಸಂಜೆ ಐದಕ್ಕೆ ಆರೂ ಪಂಜರದ ಮೇವು ತೆಗೆದು, 'ಉಪವಾಸ' ಎಂದು ಬರೆದ ಚೀಟಿ ಸಿಕ್ಕಿಸಿ ಬಬಲೇಶ್ವರದ ಬಸ್ಸು ಹಿಡಿದಿದ್ದಳು. ಹಬ್ಬದ ಡ್ಯೂಟಿ ನಮ್ಮ ಕಾಕಾನದು. ಕಾಕಾ ಎಂದರೆ ನನ್ನ ಜೊತೆ ಕೆಲಸ ಮಾಡುವ ತಿಕೋಟಾದ ಹಿರಿಯ ಸಹಾಯಕ. ಅವನು ಏಳಕ್ಕೆ ಬಂದು ನೀರು, ಹೀಟರ್ ನೋಡಿ ಬೀಗ ಹಾಕಬೇಕು. ಅಷ್ಟೇ.

ಬೆಳಿಗ್ಗೆ ಎಂಟಕ್ಕೆ ನಾನು ಗೌನು ಹಾಕಿ ಒಳಗೆ ಹೋದೆ. ಕೋಣೆಯಲ್ಲಿ ಇಲಿಯ ವಾಸನೆಗಿಂತ ಮೊದಲು ಹುರಿದ ಎಳ್ಳಿನ ವಾಸನೆ ಬಂತು. ನನ್ನ ಸೀರೆಯಿಂದಲೇ ಇರಬೇಕು, ನಿನ್ನೆಯಿಡೀ ಅದರಲ್ಲೇ ಮುಳುಗಿದ್ದೆನಲ್ಲ ಎಂದುಕೊಂಡೆ. ಎರಡನೆಯ ಪಂಜರದಲ್ಲಿ ಒಂದು ಇಲಿ ಹಿಂಗಾಲ ಮೇಲೆ ಕುಳಿತು ಎರಡೂ ಕೈಯಲ್ಲಿ ಏನನ್ನೋ ಹಿಡಿದು ತಿರುಗಿಸಿ ತಿರುಗಿಸಿ ತಿನ್ನುತ್ತಿತ್ತು. ಮುಚ್ಚಳ ತೆಗೆದು ಚಿಮುಟದಿಂದ ಕಿತ್ತುಕೊಂಡೆ. ಸಜ್ಜೆ ಕಡಬಿನ ಅಂಚು. ಹೊಟ್ಟು ಕೆದರಿದರೆ ಎಳ್ಳು, ಬೆಲ್ಲ ಅಂಟಿದ ಶೇಂಗಾ ಪುಡಿ. ಮೂರನೆಯದರಲ್ಲಿ ಹೋಳಿಗೆಯ ತುಣುಕು. ಮೊದಲನೆಯದರಲ್ಲಿ, ನಾಲ್ಕನೆಯದರಲ್ಲಿ, ಐದನೆಯದರಲ್ಲಿ ಅದೇ ಕಥೆ. ಎತ್ತರದಲ್ಲಿದ್ದ ಆರನೆಯದನ್ನು ಇನ್ನೂ ಇಳಿಸಿ ನೋಡಿರಲಿಲ್ಲ. ಪ್ರತಿಯೊಂದರ ಮೇಲೂ 'ಉಪವಾಸ' ಚೀಟಿ ನೆಟ್ಟಗೆ ನಿಂತಿತ್ತು.

ಹುಡುಗಿ ಬಗಲಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಓಡುತ್ತ ಬಂದಳು.

"ಅಕ್ಕಾರ, ಐಸ್ ಕರಗಾಕತ್ತೈತ್ರಿ, ಲಗೂನ ಶುರು ಮಾಡೂಣು."

"ಐಸ್ ಕರಗಲಿ. ಬಾ ಇಲ್ಲಿ, ಇದನ್ನ ನೋಡ."

"ಏನ್ರಿ ಇದು?"

"ಕಡಬು."

ಮೊದಲು ನಕ್ಕಳು. ನಾನು ನಗಲಿಲ್ಲವೆಂದು ತಿಳಿದ ಮೇಲೆ ಡಬ್ಬಿಯನ್ನು ನೆಲಕ್ಕಿಟ್ಟಳು. ಒಂದೊಂದೇ ಪಂಜರಕ್ಕೆ ಬಗ್ಗಿ ನೋಡಿದಳು. ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಕುಳಿತು ಅತ್ತಳು. ಅವಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಯುಗಾದಿಯೊಳಗೆ ಪ್ರಬಂಧ ಕೊಡಬೇಕು. ಒಂದು ಸಲ ಅವಧಿ ಮುಂದೂಡಿಸಿಕೊಂಡಾಗಿದೆ. ಎರಡನೆಯ ಸಲ ಕೊಡುತ್ತಾರೋ ಇಲ್ಲವೋ. ಈ ಹನ್ನೆರಡು ವಾರ ಹೋದರೆ ನಾಲ್ಕು ವರ್ಷ ಹೋದ ಹಾಗೆ.

ಹತ್ತಿ ಕೊಟ್ಟೆ. ಮೂಗು ಒರೆಸಿಕೊಂಡು ಎದ್ದಳು.

"ಅಕ್ಕಾರ, ಯಾರಿಗೂ ಹೇಳಬ್ಯಾಡ್ರಿ. ಹೊಟ್ಟು ಬದಲಿ ಮಾಡಿಬಿಡೂಣು. ಇವತ್ತ ರಾತ್ರಿ ಮತ್ತ ಉಪವಾಸ ಇಟ್ಟು ನಾಳೆ ರಕ್ತ ತಗೊಂಡ್ರಾತು. ಪುಸ್ತಕದಾಗ ಕರೆಂಟ್ ಹೋಗಿತ್ತು, ಅದಕ್ಕ ಒಂದ ದಿನ ಮುಂದ ಹೋತು ಅಂತ ಬರೀರಿ."

"ಕರೆಂಟ್ ಯಾವಾಗ ಹೋಗಿತ್ತ ಬೇ?"

"ದಿನಾ ಹೋಗತೈತಲ್ರಿ!"

"ನಿನ್ನೆ ಹೋಗಿಲ್ಲ. ಹಬ್ಬ ಅಂತ ಒಂದ ದಿನ ಪುಣ್ಯಕ್ಕ ಹೋಗಿಲ್ಲ. ಅದನ್ನ ಯಾಕ ಸುಳ್ಳ ಮಾಡ್ತಿ?"

ಅಷ್ಟರಲ್ಲಿ ತಿಕೋಟಾ ಬಸ್ಸಿನಿಂದ ಇಳಿದು ಕಾಕಾ ಬಂದ. ತಲೆಗೆ ಮಫ್ಲರ್, ಕೈಯಲ್ಲಿ ಸ್ಟೀಲ್ ಡಬ್ಬಿ, ಮುಖದ ತುಂಬ ನಗೆ.

"ಅಕ್ಕಾರ, ನಿಮಗೂ ತಂದೀನ್ರಿ. ನಮ್ಮಾಕಿ ಈ ಸಲ ಹೋಳಿಗಿ ಭಾಳ ಚೊಲೋ ಮಾಡ್ಯಾಳ."

"ಚೊಲೋ ಆಗಿದ್ದು ಗೊತ್ತಾತು," ಎಂದೆ. "ಈ ಇಪ್ಪತ್ತ ಮಂದಿ ಆಗಲೇ ಹೇಳ್ಯಾರ."

ಅವನ ನಗೆ ಹೋಗಲಿಲ್ಲ. ಅದೇ ನನಗೆ ಸಿಟ್ಟು ತಂದದ್ದು. ತಪ್ಪು ಮಾಡಿದವನ ಮುಖವಾದರೂ ಸ್ವಲ್ಪ ಬಾಡಬೇಕಲ್ಲ.

"ಚೀಟಿ ಓದಾಕ ಬರಲಿಲ್ಲೇನು ನಿನಗ? ಉಪವಾಸ ಅಂತ ಬರದೈತಿ. ಕನ್ನಡದಾಗ ಬರದೈತಿ. ಹದಿನೈದ ವರ್ಷ ಆತು ನೀ ಇಲ್ಲಿ ಬಂದು!"

"ಓದೀನ್ರಿ."

"ಓದಿ?"

"ಓದಿದ ಮ್ಯಾಲೇ ಹಾಕೀನಲ್ರಿ ಅಕ್ಕಾರ. ಎಳ್ಳ ಅಮಾವಾಸಿ ದಿನ ಹೊಲದಾಗಿನ ಇರಬಿಗಿ ಸೈತ ಹಾಕ್ತೀವಿ. ಇವು ನಾಳೆ ಮುಂಜಾನೆ ಹೋಗು ಜೀವಾ. ಹಬ್ಬದ ದಿನ ಹಸಕೊಂಡ ಹೋದ್ರ ಅಂತ ಹೊಟ್ಟಿಗಿ ಸಂಕಟ ಆತು. ಒಂದೊಂದ ಚೂರರಿ, ಜಾಸ್ತಿ ಇಲ್ಲ."

ಇಂಥ ಮನುಷ್ಯನನ್ನು ಹೇಗೆ ಬೈಯುವುದು? ಆದರೂ ಬೈದೆ. ಹಸಿವು ಒಂದು ರಾತ್ರಿಯದು, ಈ ಹುಡುಗಿಯ ಓದು ನಾಲ್ಕು ವರ್ಷದ್ದು ಎಂದೆ. ನಿನ್ನ ಕರುಣೆಗೆ ಒಂದು ಬೀಗ ಹಾಕಬೇಕು ಎಂದೆ. ಅವನು ತಲೆ ಆಡಿಸುತ್ತ ಕೇಳಿದ, ಮಳೆ ನಿಲ್ಲಲಿ ಎಂದು ಚಾವಣಿಯ ಕೆಳಗೆ ನಿಂತವನ ಹಾಗೆ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹುಡುಗಿ ಮೆಲ್ಲಗೆ ಒಂದು ಪ್ರಶ್ನೆ ಕೇಳಿದಳು. ಅದನ್ನು ಕೇಳಬಾರದಿತ್ತು ಎಂದು ಅವಳಿಗೂ ಅನ್ನಿಸಿರಬೇಕು.

"ಕಾಕಾ, ಇದ ಮೊದಲ ಸಲ ಹೌದಲ್ಲೊ?"

ಕಾಕಾ ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡ.

"ಹಬ್ಬಕ್ಕಷ್ಟ ಹಾಕೀನವಾ. ದೀಪಾವಳಿ ಅಮಾವಾಸಿಗಿ ಕರ್ಚಿಕಾಯಿ. ಛಟ್ಟಿ ಅಮಾವಾಸಿಗಿ ಹೋಳಿಗಿ. ಅದ ಬಿಟ್ಟರ ಈ ನಿನ್ನಿದು. ದಿನಾ ಹಾಕಾಕ ನನಗೇನ ಹುಚ್ಚ ಹಿಡದೈತೇನು?"

ಹುಡುಗಿ ಮತ್ತೆ ಸ್ಟೂಲಿಗೆ ಹೋದಳು. ಈ ಸಲ ಅಳಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ನಿನ್ನೆಯದು ಒಂದು ರಾತ್ರಿಯ ತಪ್ಪು, ಇನ್ನೊಂದು ಉಪವಾಸದಿಂದ ಸರಿಹೋಗುತ್ತದೆ. ಆದರೆ ಹಬ್ಬಹಬ್ಬಕ್ಕೂ ಸಿಹಿ ತಿಂದಿದ್ದರೆ ಕಥೆ ಬೇರೆ. ಸಾದಾ ಮೇವಿನ ಇಲಿಗಳಿಗೆ ಜಿಡ್ಡು, ಬೆಲ್ಲ ಸೋಕಲೇ ಬಾರದು. ಅವು ಅಳತೆಗೋಲು. ಪಾಪ ಇವಕ್ಕೆ ಬರೀ ಒಣ ಮೇವು ಎಂದು ಕಾಕಾ ಅವಕ್ಕಷ್ಟೇ ಹಾಕಿದ್ದರೆ ಅಳತೆಗೋಲೇ ಸೊಟ್ಟ, ಪ್ರಯೋಗ ಅಲ್ಲಿಗೆ ಮುಗಿಯಿತು.

"ಯಾವ್ಯಾವ ಪಂಜರಕ್ಕ ಹಾಕಿದಿ?" ನಾನೇ ಕೇಳಿದೆ. "ಖರೇ ಹೇಳು. ಸಾದಾ ಮೇವಿನವಕ್ಕಷ್ಟ ಹಾಕಿದ್ಯಾ?"

ಆಗ ಮಾತ್ರ ಕಾಕಾನಿಗೆ ಸಿಟ್ಟು ಬಂತು. ಇಷ್ಟು ಹೊತ್ತು ನನ್ನ ಬೈಗುಳವೆಲ್ಲ ನುಂಗಿದವನು ಈ ಮಾತಿಗೆ ಕೆಂಪಗಾದ.

"ಏನ ಮಾತಂತ ಆಡ್ತೀರಿ ಅಕ್ಕಾರ? ಒಂದ ಸಾಲಿನ್ಯಾಗ ಕುಂತವರಿಗೆ ಒಬ್ಬಗ ಹೋಳಿಗಿ, ಒಬ್ಬಗ ಬರೇ ಸಾರು ಬಡಿಸಾಕ ಬರ್ತೈತೇನ್ರಿ? ಪಂಕ್ತಿಭೇದ ಮಾಡು ಮನಿತನ ನಮ್ಮದಲ್ಲ. ಎಲ್ಲಾಕ್ಕೂ ಸಮ. ಎಣಿಸಿ ಹಾಕೀನಿ, ಪಂಜರಕ್ಕ ಎರಡೆರಡ ತುಂಡು."

ಹುಡುಗಿ ತಲೆ ಎತ್ತಿದಳು. "ಎಲ್ಲಾಕ್ಕೂ ಸಮಾನ?"

"ಸಮಾನ."

ಎಲ್ಲಕ್ಕೂ ಸಮನಾಗಿ ಬಿದ್ದಿದ್ದರೆ ಹೋಲಿಕೆ ಉಳಿಯುತ್ತದೆ. ಒಂದು ಪಂಜರಕ್ಕೂ ಇನ್ನೊಂದಕ್ಕೂ ಇರುವ ಅಂತರ ಹೋಳಿಗೆಯದಾಗುವುದಿಲ್ಲ. ಆದರೆ ಕಾಕಾನ ಬಾಯಿಮಾತನ್ನು ಪರೀಕ್ಷಕರಿಗೆ ತೋರಿಸುವುದು ಹೇಗೆ? ನಾನು ಪುಸ್ತಕ ತೆಗೆದೆ. ದಿನಾ ಬೆಳಿಗ್ಗೆ ಪ್ರತಿ ಪಂಜರದಲ್ಲಿ ಉಳಿದ ಮೇವನ್ನು ತೂಗಿ ಬರೆಯುವವಳು ನಾನೇ. ಸಿಹಿ ತಿಂದ ರಾತ್ರಿ ಮೇವು ಹೆಚ್ಚು ಉಳಿದಿರಬೇಕು.

ಉಳಿದಿತ್ತು. ದೀಪಾವಳಿ ಅಮಾವಾಸ್ಯೆಯ ಮರುದಿನ ಒಂದು, ಎರಡು, ಮೂರು, ನಾಲ್ಕು, ಐದು, ಎಲ್ಲದರಲ್ಲೂ ಮೇವು ಹೆಚ್ಚಾಗಿ ಉಳಿದಿತ್ತು. ಪಕ್ಕದಲ್ಲಿ ನನ್ನದೇ ದುಂಡು ಅಕ್ಷರದ ಷರಾ: 'ಪಟಾಕಿ ಸದ್ದಿಗೆ ತಿಂದಿಲ್ಲ.' ಅದರ ಮುಂದಿನ ತಿಂಗಳ ಛಟ್ಟಿ ಅಮಾವಾಸ್ಯೆಯ ಮರುದಿನವೂ ಹಾಗೆಯೇ. ಷರಾ: 'ಚಳಿ.'

ಎರಡು ನಿಮಿಷ ನಾನು ಆ ಎರಡು ಷರಾಗಳನ್ನೇ ನೋಡುತ್ತ ಕುಳಿತೆ. ಪಟಾಕಿ ಸದ್ದು ಎಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಮೇವು ಉಳಿದದ್ದನ್ನು ಕಂಡೆ, ಕಾರಣವನ್ನು ನಾನೇ ಹುಟ್ಟಿಸಿ ಬರೆದೆ. ಚಳಿ ಎಂದು ಬರೆದ ದಿನ ಕೋಣೆಯ ಹೀಟರ್ ನಡೆಯುತ್ತಿತ್ತು. ಉಷ್ಣಾಂಶವೂ ಅದೇ ಪುಟದಲ್ಲಿ, ನನ್ನದೇ ಕೈಯಲ್ಲಿ, ಸರಿಯಾಗಿಯೇ ಇದೆ. ಹುಡುಗಿಗೆ ಕರೆಂಟಿನ ಸುಳ್ಳು ಬೇಡ ಎಂದವಳು ನಾನು.

"ಅಕ್ಕಾರ," ಹುಡುಗಿ ನನ್ನ ಹೆಗಲ ಮೇಲಿಂದ ಪುಟ ನೋಡುತ್ತ ಬೆರಳಿಟ್ಟಳು. "ಆರನೇದು?"

ಆರನೆಯ ಪಂಜರದಲ್ಲಿ ಆ ಎರಡೂ ದಿನ ಮೇವು ಎಂದಿನಷ್ಟೇ ಉಳಿದಿತ್ತು. ನಾನು ಎದ್ದು ಹೋಗಿ ನೋಡಿದೆ. ಕಪಾಟಿನ ಮೂರು ಅಂತಸ್ತಿನಲ್ಲಿ ಜಾಗ ಸಾಲದೆ ಆರನೆಯದನ್ನು ಅದರ ನೆತ್ತಿಯ ಮೇಲಿಟ್ಟಿದ್ದೆವು. ಸ್ಟೂಲು ಹತ್ತಿ ಇಳಿಸಿ ಹೊಟ್ಟು ಕೆದರಿದೆ. ಒಂದು ಎಳ್ಳೂ ಇಲ್ಲ. ನಾಲ್ಕೂ ಇಲಿ ಹಸಿದು ಮೂಗು ಚಾಚಿದವು.

"ಇದಕ್ಕ ಯಾಕ ಹಾಕಲಿಲ್ಲ? ಪಂಕ್ತಿಭೇದ ಇಲ್ಲ ಅಂದಿ?"

ಕಾಕಾ ಬಲಗೈ ಎತ್ತಿ ತೋರಿಸಿದ. ಎದೆಯ ಮಟ್ಟಕ್ಕೆ ಬಂದು ನಿಂತಿತು. "ಈ ಹೆಗಲ ಹಿಡಕೊಂಡೈತಲ್ರಿ, ಮ್ಯಾಲ ಏಳೂದ ಇಲ್ಲ. ಮ್ಯಾಲಿಂದು ಯಾವಾಗಲೂ ನೀವ ನೋಡ್ತೀರಲ್ಲ. ಹಬ್ಬದ್ದೂ ನೀವ ಹಾಕ್ತೀರಿ ಅಂತ ತಿಳದಿದ್ನಿ."

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಆರನೆಯದು ಬೀಜದ ಸಾರ ಕುಡಿದ ಪಂಜರ. ಆ ಗುಂಪಿನ ಎಂಟರಲ್ಲಿ ನಾಲ್ಕು ಇಲಿ ಹಬ್ಬ ಉಂಡಿವೆ, ನಾಲ್ಕು ಉಂಡಿಲ್ಲ. ನಾಳೆ ಆ ನಾಲ್ಕರ ಲಿವರ್ ಚೆನ್ನಾಗಿ ಕಂಡರೆ ಅದು ಸಾರದ ಗುಣವೋ, ಕಾಕಾನ ಹೆಗಲ ಗುಣವೋ?

ಹುಡುಗಿ ಪುಸ್ತಕದ ಪುಟಗಳನ್ನು ಹಿಂದೆ ಮುಂದೆ ತಿರುವಿದಳು. ಆಮೇಲೆ ಕೇಳಿದಳು, "ನಿನ್ನಿದ ಒಂದ ಬರದ್ರ ಸಾಕಲ್ರಿ? ಹಿಂದಿನ ಎರಡೂ... ಆಗಲೇ ಷರಾ ಐತಲ್ಲ."

"ಐತಿ. ಅದ ಸುಳ್ಳ ಐತಿ."

"ನಿಮಗ ಗೊತ್ತಿದ್ದಿಲ್ಲಲ್ರಿ."

"ಈಗ ಗೊತ್ತಾಗೇತಿ."

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ನಾನು ಒತ್ತಾಯ ಮಾಡಲಿಲ್ಲ. ನನ್ನ ಷರಾ ನಾನು ತಿದ್ದುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಪ್ರಯೋಗ ಅವಳದು. ತನ್ನ ಮಾರ್ಗದರ್ಶಕ ಸರ್ ಹತ್ತಿರ ಮೆಟ್ಟಿಲು ಹತ್ತಿ ಹೋಗಿ ಹೇಳಬೇಕಾದವಳು ಅವಳು. ನಾನು ಹೊಸ ಹೊಟ್ಟು ಹಾಕುತ್ತ ಹೋದೆ. ಮೂರನೆಯ ಪಂಜರ ಮುಗಿಸುವ ಹೊತ್ತಿಗೆ ಅವಳು ಪುಸ್ತಕ ಎತ್ತಿಕೊಂಡು, "ಕಾಕಾ, ನೀನೂ ಬಾ. ಅಕ್ಕಾರ, ನೀವೂ ಬರ್ರಿ. ಒಬ್ಬಾಕಿನ ಹೋದ್ರ ನನ್ನ ಕೈಯಾಗ ಹೇಳಾಕ ಆಗೂದಿಲ್ಲ," ಎಂದಳು.

ಅವಳ ಮಾರ್ಗದರ್ಶಕರು ಮೇಲಿನ ಮಹಡಿಯಲ್ಲಿ ಕೂರುತ್ತಾರೆ. ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಹೋಳಿಗಿ ತಡೀಲಿಕ್ಕೆ ನಿಮ್ಮ ಮೂರೂ ಮಂದಿ ಕೈಲೆ ಆಗಲಿಲ್ಲ," ಎಂದರು. "ಎಷ್ಟು ಹಾಕಿದಿಯೋ?"

ಕಾಕಾ ಹೆಬ್ಬೆರಳಿಗೆ ತೋರುಬೆರಳು ಜೋಡಿಸಿ ತೋರಿಸಿದ. "ಇಷ್ಟರಿ ಸಾಹೇಬ್ರ."

"ಇಷ್ಟು ಅಂತ ಪ್ರಬಂಧದಾಗ ಬರೀಲೇನು? ತೂಕ ಬೇಕು."

ಹಾಗಾಗಿ ಕಾಕಾನ ಡಬ್ಬಿಯ ಹೋಳಿಗೆಯಲ್ಲಿ ಅವನು ಹಾಕಿದಷ್ಟೇ ತುಂಡು ಅವನ ಕೈಯಿಂದಲೇ ಮುರಿಸಿ, ಕೆಳಗೆ ಬಂದು ತೂಗಿ, ಮೇಲೆ ಹೋಗಿ ಹೇಳಿದ್ದಾಯಿತು. ಕಡಬನ್ನೂ. ಕರ್ಚಿಕಾಯಿ ಮುಗಿದು ಬಹಳ ದಿನವಾಗಿದೆ. ಅದನ್ನು ಅಂದಾಜು ಎಂದೇ ಬರೆದೆವು.

ಸರ್ ತೀರ್ಮಾನ ಹೀಗೆ: ಮೂರೂ ಹಬ್ಬ ದಾಖಲೆಯಲ್ಲಿ ಬರಬೇಕು, ಪ್ರಬಂಧದಲ್ಲೂ ಬರಬೇಕು, ಪ್ರಾಣಿಪ್ರಯೋಗದ ಸಮಿತಿಗೂ ಇವತ್ತೇ ಪತ್ರ ಹೋಗಬೇಕು. ಇವತ್ತು ಒಂದು ದಿನ ಎಂದಿನ ಮೇವು, ಎಂದಿನ ಸಾರ, ರಾತ್ರಿ ಮತ್ತೆ ಉಪವಾಸ. ನಾಳೆ ರಕ್ತ, ಲಿವರ್. ಆರನೆಯ ಪಂಜರದ ನಾಲ್ಕನ್ನು ಬೇರೆಯಾಗಿ ಲೆಕ್ಕ ಹಾಕುವುದು. ಅವು ತಮ್ಮ ಗುಂಪಿನ ಉಳಿದ ನಾಲ್ಕರ ಸಮಕ್ಕೆ ಬಂದರೆ ಸರಿ. ದೂರ ಹೋದರೆ ಆ ಗುಂಪನ್ನು ಮೊದಲಿನಿಂದ ಮಾಡಬೇಕು.

"ಹನ್ನೆರಡ ವಾರಾನೂ?" ಹುಡುಗಿ ಕೇಳಿದಳು.

"ಹನ್ನೆರಡೂ. ಯುಗಾದಿ ಮರೆತುಬಿಡಬೇಕು. ಅವಧಿಗೆ ನಾ ಬರೆದು ಕೇಳ್ತೀನಿ, ಕೊಡ್ತಾರಂತ ನಾ ಹೇಳೂದಿಲ್ಲ."

ಅವಳು ತಲೆಯಾಡಿಸಿದಳು. ನಾನು ಹಳೆಯ ಎರಡು ಷರಾಗಳ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಏನಾಗಿತ್ತೋ ಅದನ್ನು ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದೆ. ಕೆಳಗೆ ಅವಳು ಸಹಿ ಮಾಡಿದಳು. ಕಾಕಾನೂ ಮಾಡಿದ. ತನ್ನ ಹೆಸರು ಪಿಎಚ್‌ಡಿ ಪುಸ್ತಕದಲ್ಲಿ ಬರುತ್ತದೆಯೇ ಎಂದು ಮೆಟ್ಟಿಲಿಳಿಯುವಾಗ ನನ್ನನ್ನು ಕೇಳಿದ.

ನಾಲ್ಕು ಗಂಟೆಯ ಬಸ್ಸಿಗೆ ಅವನನ್ನು ತಿಕೋಟಾಕ್ಕೆ ಕಳಿಸಿದೆ, ಡಬ್ಬಿಯ ಸಮೇತ, ಕೀಲಿ ಕಸಿದುಕೊಂಡು. ಐದಕ್ಕೆ ನಾನು ಮತ್ತು ಹುಡುಗಿ ಸೇರಿ ಮೇವು ತೆಗೆದೆವು. ಆರನೆಯ ಪಂಜರವನ್ನು ಅವಳೇ ಸ್ಟೂಲು ಹತ್ತಿ ನೋಡಿದಳು. ನಾಲ್ಕರಲ್ಲಿ ಒಂದು ಅವಳ ಕೈಗವಸಿನ ಬೆರಳನ್ನು ಮೂಸಿತು. "ನೀವಾರ ಉಳದವ್ರ ಸಮಾ ಬರ್ರಲೇ," ಎಂದಳು, ಸಿಟ್ಟಿನಲ್ಲೇ. ಅವುಗಳಿಂದ ಬೇರೆ ಏನು ಕೇಳುವುದು ಎಂದು ನನಗೂ ತಿಳಿಯಲಿಲ್ಲ. ಬಬಲೇಶ್ವರದ ಬಸ್ಸಿಗೆ ಹತ್ತುವಾಗ ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಏಳಕ್ಕೆ ಎಂದೆ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದರೆ ನಮ್ಮ ಮನೆಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಆ ಕಾಕಾನ್ನ ಒಂದ ವಾರ ನಮ್ಮ ಮನ್ಯಾಗ ಇಟ್ಟುಕೊಳ್ಳೂಣು. ನನ್ನ ಉಪವಾಸಾನೂ ಯಾರರ ನೋಡಬೇಕಲ್ಲ," ಎಂದರು. ಉಪವಾಸವಂತೆ! ಮಧ್ಯಾಹ್ನ ನಾನಿಲ್ಲದಾಗ ಎರಡು ಕಡಬು ಖಾಲಿಯಾಗಿದ್ದವು. ನಾಳೆ ಆ ನಾಲ್ಕು ಇಲಿಗಳದು ಏನಾಗುತ್ತದೋ ಎಂದು ನನಗೆ ಚಿಂತೆ, ಇವರಿಗೆ ನಗೆ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಮೆಂತ್ಯ ಸೊಪ್ಪು, ಮಜ್ಜಿಗೆ. ಅವರು ಮೂರು ರೊಟ್ಟಿ ತಿಂದರು, ನಾನು ಒಂದೂವರೆ. ಉಳಿದ ಹೋಳಿಗೆಯನ್ನು ಪಕ್ಕದ ಮನೆಗೆ ಕೊಟ್ಟುಬಂದೆ. ಒಂಬತ್ತೂವರೆಗೆ ಅವರು ಮೊದಲು ಮಲಗಿದರು. ನಾನು ಐದಕ್ಕೆ ಅಲಾರಂ ಇಟ್ಟೆ, ಸಾಲದೆಂದು ನಾಲ್ಕೂವರೆಗೆ ಇನ್ನೊಂದು ಇಟ್ಟೆ, ಆಮೇಲೆ ಮಲಗಿದೆ.